ಐವತ್ತು ರೂಪಾಯಿ ನೋಟು ಹಿಡಿದು ವಿಜಯನಗರಕ್ಕೆ: ಮಕ್ಕಳಿಗೆ ಕಾಲಯಾನದ ಕಥೆ ಕಟ್ಟುವ ಬಗೆ

ಕೆಲವು ವರ್ಷಗಳ ಹಿಂದೆ ಒಂದು ಬೇಸಿಗೆ ಶಿಬಿರದಲ್ಲಿ ಮಕ್ಕಳಿಗೆ ಹಂಪಿಯ ಕಥೆ ಹೇಳುತ್ತಿದ್ದೆ. ಪುಟ್ಟಿ ಅನ್ನುವ ಐದನೇ ಕ್ಲಾಸಿನ ಹುಡುಗಿ ಐನೂರು ವರ್ಷ ಹಿಂದಕ್ಕೆ ಜಾರಿ ಕೃಷ್ಣದೇವರಾಯನ ರಾಜಧಾನಿಯ ಬೀದಿಗೆ ಬಂದು ಬಿದ್ದಿದ್ದಾಳೆ. ಹೊಟ್ಟೆ ಚುರುಗುಟ್ಟುತ್ತಿದೆ. ಅಂಗಡಿಯ ಅಜ್ಜಿಯೊಬ್ಬಳು ಅಯ್ಯೋ ಪಾಪ ಅಂತ ಬಿಸಿಬಿಸಿ ಮೆಣಸಿನಕಾಯಿ ಬಜ್ಜಿ ಕೊಡುತ್ತಾಳೆ. ಹೊಸಪೇಟೆಯ ಮಿರ್ಚಿ, ಮಂಡಕ್ಕಿ ನೆನೆದು ನನಗೇ ಬಾಯಲ್ಲಿ ನೀರೂರಿತ್ತು, ಹಾಗಾಗಿ ಬಜ್ಜಿಯ ವರ್ಣನೆ ಸ್ವಲ್ಪ ಉದ್ದವೇ ಆಯಿತು. ಹಿಂದಿನ ಸಾಲಿನಲ್ಲಿ ಒಂದು ಕೈ ಮೇಲೆದ್ದಿತು. "ಅಕ್ಕಾ, ಮೆಣಸಿನಕಾಯಿ ಪೋರ್ಚುಗೀಸರು ತಂದಿದ್ದು ಅಲ್ವಾ? ನಮ್ಮ ಪುಸ್ತಕದಲ್ಲಿದೆ."

ಮರ್ಯಾದೆ ಉಳಿಸಿಕೊಳ್ಳಲು ಅಲ್ಲೇ ವಿವರಿಸಲು ಹೊರಟೆ. ಅಮೆರಿಕ ಖಂಡದ ಗಿಡ, ಹಡಗು, ಗೋವಾ, 1510... ಐದು ನಿಮಿಷವೂ ಆಗಿರಲಿಲ್ಲ, ಕಿಟಕಿ ಪಕ್ಕದ ಹುಡುಗ ಗೆಳೆಯನ ಕಿವಿಯಲ್ಲಿ ಹೇಳಿದ್ದು ನನಗೂ ಕೇಳಿಸಿತು: "ಪಾಠ ಶುರುವಾಯ್ತು ಕಣೋ."

ಒಂದೇ ಮಧ್ಯಾಹ್ನ ಎರಡು ಪೆಟ್ಟು. ಮೊದಲನೆಯದು ಓದಿಕೊಂಡರೆ ವಾಸಿಯಾಗುತ್ತದೆ. ಎರಡನೆಯದಕ್ಕೆ ಮದ್ದು ಹುಡುಕಲು ನನಗೆ ವರ್ಷಗಳೇ ಹಿಡಿದವು. ಇತಿಹಾಸ ಕಲಿಸುವ ಕಾಲಯಾನದ ಕಥೆಗಳು ಇಂಗ್ಲಿಷಿನಲ್ಲಿ ರಾಶಿ ರಾಶಿ ಸಿಗುತ್ತವೆ. ಈಜಿಪ್ಟಿನ ಪಿರಮಿಡ್ಡು, ರೋಮಿನ ಅಖಾಡ ನಮ್ಮ ಮಕ್ಕಳಿಗೆ ಅಂಗೈ ರೇಖೆಯಷ್ಟು ಪರಿಚಯ. ಬನವಾಸಿ, ಬಾದಾಮಿ, ಹಂಪಿಗೆ ಕರೆದೊಯ್ಯುವ ಬಾಗಿಲುಗಳು ಕಡಿಮೆ. ಮೇಷ್ಟ್ರು, ಅಪ್ಪ, ಅಮ್ಮ, ಅಜ್ಜಿ, ಯಾರು ಬೇಕಾದರೂ ಒಂದು ಬಾಗಿಲು ಮಾಡಬಹುದು. ನಾನು ಮಾಡಿಕೊಂಡ ದಾರಿ ಇಲ್ಲಿದೆ. ಉದಾಹರಣೆಗೆ 1520ರ ವಿಜಯನಗರ, ಯಾಕೆಂದರೆ ನಾನು ಎಡವಿ ಬಿದ್ದದ್ದೇ ಅಲ್ಲಿ.

ಮೊದಲು ಒಂದು ವರ್ಷ ಹಿಡಿಯಿರಿ

"ವಿಜಯನಗರದ ಕಾಲ" ಎಂದು ಶುರು ಮಾಡಿದರೆ ಕೆಟ್ಟಿರಿ. ಆ ಸಾಮ್ರಾಜ್ಯ ಹುಟ್ಟಿದ್ದು 1336ರಲ್ಲಿ, ರಾಜಧಾನಿ ಹಾಳಾದದ್ದು 1565ರಲ್ಲಿ. ನಡುವೆ ಇನ್ನೂರಕ್ಕೂ ಹೆಚ್ಚು ವರ್ಷ. 1340ರ ಊರೂ 1540ರ ಊರೂ ಒಂದೇ ಅಲ್ಲ. ವರ್ಷ ಗೊತ್ತಾದ ಮೇಲೆಯೇ ಪುಟ್ಟಿ ಏನು ನೋಡುತ್ತಾಳೆ, ಏನು ನೋಡಲಾರಳು ಅನ್ನುವುದು ತೀರ್ಮಾನವಾಗುತ್ತದೆ.

ನಾನು 1520 ಹಿಡಿದದ್ದಕ್ಕೆ ಕಾರಣ ಡೊಮಿಂಗೊ ಪೇಸ್. ಈ ಪೋರ್ಚುಗೀಸ್ ಪ್ರವಾಸಿ ಸರಿಸುಮಾರು ಆ ಹೊತ್ತಿಗೆ ವಿಜಯನಗರದಲ್ಲಿದ್ದು, ಕಣ್ಣಾರೆ ಕಂಡದ್ದನ್ನು ಬರೆದಿಟ್ಟ. ಬೀದಿ, ಸಂತೆ, ಮಹಾನವಮಿ, ಅರಸನ ಮುಖ, ಎಲ್ಲವೂ ಅವನಲ್ಲಿವೆ. ಅವನ ಬರಹವನ್ನೂ, ಆಮೇಲೆ ಬಂದ ಕುದುರೆ ವ್ಯಾಪಾರಿ ನೂನಿಜನ ಬರಹವನ್ನೂ ರಾಬರ್ಟ್ ಸಿವೆಲ್ 1900ರಲ್ಲಿ ಇಂಗ್ಲಿಷಿಗೆ ತಂದ. ಕನ್ನಡದಲ್ಲಿ ಓದಬೇಕೆಂದರೆ ಎಚ್.ಎಲ್. ನಾಗೇಗೌಡರ 'ಪ್ರವಾಸಿ ಕಂಡ ಇಂಡಿಯಾ' ಸಂಪುಟಗಳನ್ನು ಗ್ರಂಥಾಲಯದಲ್ಲಿ ಹುಡುಕಿ. ಕಣ್ಣಾರೆ ಕಂಡವರೊಬ್ಬರ ಬರಹ ಇರುವ ವರ್ಷವನ್ನೇ ಆರಿಸಿಕೊಳ್ಳಿ ಅನ್ನುವುದು ನನ್ನ ಮೊದಲ ಸಲಹೆ. ಅಂಥವರು ಯಾರೂ ಸಿಗದಿದ್ದರೆ ಶಾಸನ ಇರುವ ವರ್ಷ ಆಗಬಹುದು.

ವರ್ಷ ಗೊತ್ತಾದ ಕೂಡಲೇ ಒಂದು ಹಾಳೆ ತೆಗೆದುಕೊಂಡು ನಡುವೆ ಗೆರೆ ಎಳೆಯಿರಿ. ಎಡಕ್ಕೆ ಆಗಲೇ ಇದ್ದದ್ದು, ಬಲಕ್ಕೆ ಇನ್ನೂ ಬಾರದ್ದು. ನನ್ನ ಹಾಳೆಯ ಎಡಗಡೆ: ವಿರೂಪಾಕ್ಷ ಗುಡಿ, 1510ರಲ್ಲಿ ಕೃಷ್ಣದೇವರಾಯ ಅಲ್ಲಿ ಕಟ್ಟಿಸಿದ ರಂಗಮಂಟಪ, ಹಜಾರರಾಮನ ಗುಡಿ, 1515ರ ಕೃಷ್ಣ ದೇಗುಲ, ವಿಠಲನ ಗುಡಿಯ ನೂರು ಕಂಬದ ಮಂಟಪ (1516). ಬಲಗಡೆ ಬರೆಯುವಾಗ ನನ್ನ ಎದೆ ಧಸಕ್ ಎಂದಿತು. ಹಂಪಿ ಅಂದ ತಕ್ಷಣ ಕಣ್ಣಿಗೆ ಬರುವ ಉಗ್ರನರಸಿಂಹ ಇದ್ದಾನಲ್ಲ, ಅವನ ಪ್ರತಿಷ್ಠೆ ಆದದ್ದು 1528ರಲ್ಲಿ! ನನ್ನ ಪುಟ್ಟಿ ಅವನ ತೊಡೆಯ ಹಿಂದೆ ಬಚ್ಚಿಟ್ಟುಕೊಳ್ಳುವ ಒಂದು ಇಡೀ ಅಧ್ಯಾಯ ಬರೆದಾಗಿತ್ತು. ಹರಿದು ಹಾಕಿದೆ. ಅಚ್ಯುತರಾಯನ ಗುಡಿ 1534ರದ್ದು, ಅದೂ ಇಲ್ಲ. ತುಂಗಭದ್ರಾ ಅಣೆಕಟ್ಟು ಬಂದದ್ದು ಮೊನ್ನೆ ಮೊನ್ನೆ, 1953ರಲ್ಲಿ. ಅಂದಮೇಲೆ ಮಳೆಗಾಲದ ಹೊಳೆಯನ್ನು ಮೇಲುಗಡೆ ತಡೆಯುವವರು ಯಾರೂ ಇಲ್ಲ.

ಹೆಸರುಗಳ ಮೇಲೂ ಒಂದು ಕಣ್ಣಿಡಿ. ಕಮಲ ಮಹಲ್, ರಾಣಿಯ ಸ್ನಾನಗೃಹ ಎಂಬವೆಲ್ಲ ಹಾಳೂರು ನೋಡಲು ಬಂದವರು ಆಮೇಲೆ ಇಟ್ಟ ಹೆಸರುಗಳು. 1520ರ ಹುಡುಗನ ಬಾಯಲ್ಲಿ ಅವು ಬರಬಾರದು.

ಹಂಪಿಗೆ ಹೋಗಲು ಆಗುವುದಾದರೆ ಕಮಲಾಪುರದ ಮ್ಯೂಸಿಯಂನಿಂದ ಶುರು ಮಾಡಿ. ಅಲ್ಲಿ ಇಡೀ ಊರಿನ ಮಾದರಿ ಇದೆ. ಅದರ ಸುತ್ತ ಒಂದು ಸುತ್ತು ಬಂದರೆ ಯಾವ ಗುಡ್ಡದ ಹಿಂದೆ ಯಾವ ಗುಡಿ ಅನ್ನುವುದು ತಲೆಯಲ್ಲಿ ಕೂರುತ್ತದೆ. ಕಥೆಯಲ್ಲಿ ಓಟ, ಬೆನ್ನಟ್ಟುವಿಕೆ ಬರೆಯುವಾಗ ಇದು ಬೇಕೇ ಬೇಕು. ವಿರೂಪಾಕ್ಷನ ಗುಡಿಯಿಂದ ಎರಡೇ ನಿಮಿಷದಲ್ಲಿ ವಿಠಲನ ಗುಡಿಗೆ ಓಡಿಸಿದರೆ ಹಂಪಿ ನೋಡಿದ ಮಕ್ಕಳು ನಗುತ್ತಾರೆ.

ಅಡುಗೆ ಮನೆ ಖಾಲಿ ಮಾಡಿ

ತಪ್ಪುಗಳು ಹೆಚ್ಚು ನುಸುಳುವುದು ಅರಮನೆಯಲ್ಲಲ್ಲ, ಒಲೆಯ ಮುಂದೆ. ಟೊಮೆಟೊ, ಆಲೂಗಡ್ಡೆ, ಶೇಂಗಾ, ಮೆಕ್ಕೆಜೋಳ, ಸೀಬೆ, ಗೋಡಂಬಿ, ಅನಾನಸ್ಸು ಎಲ್ಲವೂ ಅಮೆರಿಕದ ಕಡೆಯಿಂದ ಬಂದವು. ಪರಂಗಿ ಹಣ್ಣಿನ ಹೆಸರಲ್ಲೇ ಪರಂಗಿಯವರಿದ್ದಾರೆ. ಕಾಫಿ ಇನ್ನೂ ಬಾಬಾಬುಡನ್‌ಗಿರಿ ಹತ್ತಿಲ್ಲ. ಚಹಾದ ಮಾತೇ ಬೇಡ.

ಮೆಣಸಿನಕಾಯಿಯದ್ದು ಸ್ವಲ್ಪ ತಕರಾರಿನ ಕೇಸು. ಪುರಂದರದಾಸರ ಹೆಸರಿನಲ್ಲಿ ಮೆಣಸಿನಕಾಯಿಯ ಮೇಲೊಂದು ಹಾಡಿದೆ ಎಂದು ಆಹಾರದ ಇತಿಹಾಸ ಬರೆದವರು ಎತ್ತಿ ತೋರಿಸುತ್ತಾರೆ. ಅದು ದಾಸರದ್ದೇ ಎಂದು ಒಪ್ಪಿದರೂ ಅವರು ಬದುಕಿದ್ದು 1564ರ ತನಕ. ಕಥೆ 1560ರದ್ದಾಗಿದ್ದರೆ ಒಂದು ಗಿಡ ನೆಡಬಹುದಿತ್ತೇನೋ. 1520ರ ಬೀದಿಬದಿಯ ಬಾಣಲೆಗೆ ಅದನ್ನು ಇಳಿಸುವ ಧೈರ್ಯ ನನಗಿಲ್ಲ. ಆಗ ಖಾರ ಅಂದರೆ ಮೆಣಸು, ಅಂದರೆ ಇವತ್ತಿನ ಕರಿಮೆಣಸು. ಆಮೇಲೆ ಬಂದ ಹೊಸಬನಿಗೆ ಹಳಬನ ಹೆಸರೇ ಅಂಟಿ 'ಮೆಣಸಿನಕಾಯಿ' ಆಯಿತು, ಹಳಬನಿಗೆ 'ಕರಿ' ಸೇರಿಸಿ ಗುರುತು ಹೇಳಬೇಕಾಯಿತು. ಮಕ್ಕಳಿಗೆ ಇದನ್ನು ವಿವರಿಸಬೇಡಿ. ಪುಟ್ಟಿ "ಮೆಣಸಿನ ಬಜ್ಜಿ ಇದೆಯಾ?" ಎಂದು ಕೇಳಲಿ, ಅಜ್ಜಿ ಕಾಳುಮೆಣಸಿನ ಡಬ್ಬಿ ಹುಡುಕಲಿ. ಮಿಕ್ಕದ್ದು ಮಕ್ಕಳೇ ಊಹಿಸುತ್ತಾರೆ.

ಹಾಗಾದರೆ ಪುಟ್ಟಿಗೆ ಏನು ತಿನ್ನಿಸುವುದು? ಬೇಕಾದಷ್ಟಿದೆ. ಜೋಳ, ರಾಗಿ, ಅಕ್ಕಿ, ಹೆಸರು, ಹುರುಳಿ, ಬೆಲ್ಲ, ಬಾಳೆ, ಮಾವು, ಹಲಸು. ಕನಕದಾಸರ ರಾಮಧಾನ್ಯ ಚರಿತ್ರೆಯಲ್ಲಿ ರಾಗಿಗೂ ಭತ್ತಕ್ಕೂ ಜಗಳವೇ ನಡೆಯುತ್ತದಲ್ಲ, ಅದೂ ಅದೇ ಶತಮಾನದ್ದು. 'ಇಡ್ಡಲಿಗೆ' ಹತ್ತನೇ ಶತಮಾನದ ವಡ್ಡಾರಾಧನೆಯಲ್ಲೇ ಇದೆ, ಆದರೆ ಅದು ನಮ್ಮ ಹೋಟೆಲಿನ ಮಲ್ಲಿಗೆ ಇಡ್ಲಿಯೇ ಎಂದು ಆಣೆ ಇಡಲು ಹೋಗಬೇಡಿ. ಇನ್ನೊಂದು ಬಲೆ: ಪೇಸ್ ಹೇಳಿದ ಧಾನ್ಯಗಳ ಪಟ್ಟಿಯಲ್ಲಿ ಇಂಗ್ಲಿಷಿನವರು 'ಇಂಡಿಯನ್ ಕಾರ್ನ್' ಎಂದು ತರ್ಜುಮೆ ಮಾಡಿದ್ದಾರೆ. ಮೆಕ್ಕೆಜೋಳ ಎಂದು ಬರೆದುಬಿಟ್ಟೀರಿ. ಅವನು ಕಂಡದ್ದು ನಮ್ಮ ಬಳ್ಳಾರಿ ಸೀಮೆಯ ಜೋಳ.

ಬಾಗಿಲು ಮತ್ತು ಅದರ ಕಟ್ಟಳೆ

ಯಂತ್ರ, ಬಟನ್ನು, ನೀಲಿ ಬೆಳಕು ನಮಗೆ ಬೇಕಿಲ್ಲ. ಕಾಲದಲ್ಲಿ ಜಾರಿದವರ ಕಥೆ ನಮ್ಮ ಅಜ್ಜಿಯರ ಹತ್ತಿರವೇ ಇದೆ. ಮಗಳು ರೇವತಿಗೆ ಗಂಡು ಯಾರೆಂದು ಕೇಳಲು ಕಕುದ್ಮಿ ರಾಜ ಬ್ರಹ್ಮಲೋಕಕ್ಕೆ ಹೋಗುತ್ತಾನೆ. ಅಲ್ಲಿ ಸಂಗೀತ ನಡೆಯುತ್ತಿರುತ್ತದೆ, ಮುಗಿಯಲಿ ಅಂತ ಸ್ವಲ್ಪ ಹೊತ್ತು ಕಾಯುತ್ತಾನೆ. ಅಷ್ಟರಲ್ಲಿ ಭೂಮಿಯಲ್ಲಿ 27 ಚತುರ್ಯುಗ ಕಳೆದಿದೆ, ಅವನು ಮನಸ್ಸಿನಲ್ಲಿಟ್ಟುಕೊಂಡಿದ್ದ ಗಂಡುಗಳ ಮೊಮ್ಮಕ್ಕಳ ಹೆಸರೂ ಉಳಿದಿಲ್ಲ. ಭಾಗವತದ ಈ ಕಥೆಯಲ್ಲಿ ಒಂದು ಕಟ್ಟಳೆ ಸ್ಪಷ್ಟವಾಗಿದೆ: ಅಲ್ಲಿನ ಹೊತ್ತು ಬೇರೆ, ಇಲ್ಲಿನ ಹೊತ್ತು ಬೇರೆ. ನಿಮ್ಮ ಕಥೆಗೂ ಇಂಥ ಒಂದೆರಡು ಕಟ್ಟಳೆ ಸಾಕು, ಆದರೆ ಮಧ್ಯದಲ್ಲಿ ಬದಲಾಯಿಸಕೂಡದು. ಮಕ್ಕಳು ಲಗೋರಿ ಆಡುವಾಗ ಕಟ್ಟಳೆ ಮುರಿದವರನ್ನು ಹೇಗೆ ಹಿಡಿಯುತ್ತಾರೋ, ನಿಮ್ಮನ್ನೂ ಹಾಗೇ ಹಿಡಿಯುತ್ತಾರೆ.

ನನ್ನ ಬಾಗಿಲು ವಿರೂಪಾಕ್ಷ ಗುಡಿಯೊಳಗಿನ ಕತ್ತಲೆ ಕೋಣೆ. ಅಲ್ಲಿ ಸಣ್ಣ ಕಿಂಡಿಯಿಂದ ಬಂದ ಬೆಳಕು ಎದುರು ಗೋಡೆಯ ಮೇಲೆ ರಾಜಗೋಪುರದ ನೆರಳನ್ನು ತಲೆಕೆಳಗಾಗಿ ಬೀಳಿಸುತ್ತದೆ, ನೋಡಿದವರಿಗೆ ಗೊತ್ತು. ಬೆಳಕು ನೇರವಾಗಿ ಹೋಗುತ್ತದೆ, ಕಿಂಡಿಯಲ್ಲಿ ಮೇಲಿನದು ಕೆಳಕ್ಕೆ, ಕೆಳಗಿನದು ಮೇಲಕ್ಕೆ ದಾಟುತ್ತದೆ, ಅಷ್ಟೇ ಗುಟ್ಟು. ಪುಟ್ಟಿ ಆ ನೆರಳಿನ ತುದಿ ಮುಟ್ಟಿದರೆ ಹೋಗುತ್ತಾಳೆ, ಮತ್ತೆ ಮುಟ್ಟಿದರೆ ಬರುತ್ತಾಳೆ. ಬಿಸಿಲಿಲ್ಲದಿದ್ದರೆ ನೆರಳಿಲ್ಲ, ನೆರಳಿಲ್ಲದಿದ್ದರೆ ಬಾಗಿಲಿಲ್ಲ. ಈ ಒಂದು ಕಟ್ಟಳೆಯಿಂದ ಮೋಡ ಕವಿದಾಗಲೆಲ್ಲ ಓದುವ ಮಕ್ಕಳ ಎದೆ ಹೊಡೆದುಕೊಳ್ಳುತ್ತದೆ.

ಇನ್ನೊಂದು ಕಟ್ಟಳೆ: ಹೋಗುವಾಗ ಜೇಬಿನಲ್ಲಿ ಇದ್ದದ್ದಷ್ಟೇ ಜೊತೆಗೆ. ಮೊಬೈಲು ಬೇಡ. ಅದು ಇದ್ದರೆ ಮಕ್ಕಳು ಚಾರ್ಜು ಎಷ್ಟಿದೆ ಅಂತ ಕೇಳುತ್ತಾರೆ, ಕಥೆ ಅಲ್ಲೇ ಕೂರುತ್ತದೆ. ನಾನು ಒಂದು 50 ರೂಪಾಯಿ ನೋಟು ಇಟ್ಟೆ, 2017ರಲ್ಲಿ ಬಂದ ನೀಲಿ ನೋಟು. ತಿರುಗಿಸಿ ನೋಡಿ, ಹಂಪಿಯ ಕಲ್ಲಿನ ರಥ ಇದೆ.

ಹುಡುಗಿಗೆ ಏನೋ ಬೇಕಾಗಿರಬೇಕು

ಈ ಬರಹದಲ್ಲಿ ಒಂದೇ ಭಾಗ ಓದುವಷ್ಟು ಪುರುಸೊತ್ತಿದ್ದರೆ ಇದನ್ನೇ ಓದಿ. ಆ ಕಿಟಕಿ ಪಕ್ಕದ ಹುಡುಗನ "ಪಾಠ ಶುರುವಾಯ್ತು" ಅನ್ನುವ ಮಾತಿಗೆ ನಾನು ಕಂಡುಕೊಂಡ ಉತ್ತರ ಇದು: ಕಥೆಯಲ್ಲಿ ಮಾಹಿತಿ ಯಾರ ಬಾಯಿಂದಲೂ ಉಡುಗೊರೆಯಾಗಿ ಬರಬಾರದು. ಪುಟ್ಟಿಯ ಕಾಲಿಗೆ ಅಡ್ಡ ಸಿಕ್ಕ ಕಲ್ಲಾಗಿ ಬರಬೇಕು. ಅವಳಿಗೆ ಏನೋ ಬೇಕು, ಅದಕ್ಕೆ ಆ ಕಾಲದ ಒಂದು ಸಂಗತಿ ಅಡ್ಡ ಬರುತ್ತದೆ, ಅದನ್ನು ದಾಟಬೇಕಾದರೆ ಆ ಸಂಗತಿ ಅರ್ಥವಾಗಲೇಬೇಕು.

ನನ್ನ ಮೊದಲ ಕರಡಿನಲ್ಲಿ, ಪುಟ್ಟಿಗೆ ಅಲ್ಲಿ ಜೊತೆಯಾದ ಹುಡುಗ ಹನುಮನ ಬಾಯಲ್ಲಿ, ಹೊಳೆ ದಾಟುವ ಪ್ರಸಂಗ ಹೀಗಿತ್ತು:

"ನೋಡು ಪುಟ್ಟಿ, ಇದಕ್ಕೆ ಹರಿಗೋಲು ಎನ್ನುತ್ತಾರೆ. ಇದನ್ನು ಬೆತ್ತದಿಂದ ಹೆಣೆದು ಹೊರಗೆ ಚರ್ಮ ಹೊದಿಸಿರುತ್ತಾರೆ. ಇದರಲ್ಲಿ ಹದಿನೈದರಿಂದ ಇಪ್ಪತ್ತು ಜನ ಹೋಗಬಹುದು" ಎಂದು ಹನುಮ ವಿವರಿಸಿದನು.

ಎಲ್ಲವೂ ನಿಜ. ಪೇಸ್ ಬರೆದದ್ದೂ ಹೀಗೆಯೇ: ಬುಟ್ಟಿಯ ಹಾಗೆ ದುಂಡಗೆ, ಒಳಗೆ ಬೆತ್ತ, ಹೊರಗೆ ತೊಗಲು, ಹದಿನೈದು ಇಪ್ಪತ್ತು ಮಂದಿ ಹಿಡಿಸುತ್ತಾರೆ, ದನ ಕುದುರೆ ಹೆಚ್ಚಾಗಿ ಈಜಿಯೇ ದಾಟುತ್ತವೆ, ಹುಟ್ಟು ಹಾಕಿದರೂ ನೆಟ್ಟಗೆ ಹೋಗದೆ ಗಿರಗಿರ ತಿರುಗುತ್ತಲೇ ಇರುತ್ತದೆ. ಆದರೆ ಹೊಳೆ ದಂಡೆಯಲ್ಲೇ ಹುಟ್ಟಿ ಬೆಳೆದ ಹನುಮ ಹರಿಗೋಲಿನ ಬಗ್ಗೆ ಭಾಷಣ ಯಾಕೆ ಮಾಡುತ್ತಾನೆ? ನಾವು ಬಸ್ಸು ಹತ್ತುವಾಗ ಇದಕ್ಕೆ ಆರು ಚಕ್ರ ಇದೆ ಎನ್ನುತ್ತೇವೆಯೇ? ಅದನ್ನು ಕಿತ್ತು ಹೀಗೆ ಬರೆದೆ. ಪುಟ್ಟಿ ಆನೆಗೊಂದಿ ದಡದಲ್ಲಿದ್ದಾಳೆ, ಬಿಸಿಲಿರುವಾಗಲೇ ಆಚೆ ದಡ ಸೇರಿ ವಿರೂಪಾಕ್ಷ ಗುಡಿ ಮುಟ್ಟಬೇಕು.

"ಇನ್ನೊಬ್ಬರಿಗೆ ಜಾಗ ಐತಿ. ಕಾಸು ತೆಗಿ" ಅಂದ ಅಂಬಿಗ.

ಪುಟ್ಟಿ ಜೇಬಿಗೆ ಕೈ ಹಾಕಿದಳು. ಇದ್ದದ್ದು ಒಂದೇ, ನಾಲ್ಕು ಮಡಿಕೆಯ ನೋಟು. ಅಂಬಿಗ ಅದನ್ನು ಬಿಡಿಸಿದ, ಮೂಸಿದ, ಬಿಸಿಲಿಗೆ ಹಿಡಿದ.

"ಓಲೆ ಅಲ್ಲ, ಬಟ್ಟೆ ಅಲ್ಲ. ಇದ್ಯಾವ ಕಾಸವ್ವಾ?" ಹಿಂದೆ ತಿರುಗಿಸಿದವನ ಕಣ್ಣು ಅಗಲವಾಯಿತು. "ಎಲಾ ಇದರ! ವಿಠಲನ ರಥ! ಯಾರು ಬರದಾರ ಇದನ್ನ? ಚಕ್ರ ಎಲ್ಲಾ ಬರೋಬ್ಬರಿ ಐತಿ. ಆದರ..." ಅವನು ಉಗುರಿನಿಂದ ರಥದ ನೆತ್ತಿಯನ್ನು ಕೆರೆದ. "ಮ್ಯಾಲಿನ ಶಿಖರ ಬರಿಯೋದು ಮರತಾನ."

ಪುಟ್ಟಿ ಹೊಳೆಯಾಚೆ ನೋಡಿದಳು. ಅವಳು ಕಂಡ ರಥಕ್ಕೆ ಶಿಖರವೇ ಇರಲಿಲ್ಲ. ಅಪ್ಪ ತೆಗೆದ ಫೋಟೋದಲ್ಲೂ ಇಲ್ಲ. ಬರೆದವನು ಮರೆತಿಲ್ಲ, ಮುಂದೆ ಯಾವಾಗಲೋ ಅದು ಇಲ್ಲವಾಗುತ್ತದೆ ಅನ್ನುವುದು ಅವಳಿಗೆ ಒಮ್ಮೆಗೇ ಹೊಳೆಯಿತು. ಹೇಳಬೇಕೆಂದು ಬಾಯಿ ತೆರೆದಳು. ಹರಿಗೋಲು ಗಿರ್ರನೆ ತಿರುಗಿತು, ಪಕ್ಕದ ಹೆಂಗಸಿನ ಮಡಿಲಿಗೆ ಹೋಗಿ ಬಿದ್ದಳು.

ರಥದ ಮೇಲೆ ಇಟ್ಟಿಗೆ ಶಿಖರವಿದ್ದದ್ದು ನನ್ನ ಕಲ್ಪನೆಯಲ್ಲ. ಅಲೆಕ್ಸಾಂಡರ್ ಗ್ರೀನ್‌ಲಾ 1856ರಲ್ಲಿ ತೆಗೆದ ಫೋಟೋದಲ್ಲಿ ಅದು ಇನ್ನೂ ನಿಂತಿದೆ. ಇಡೀ ನಗರ ಹಾಳಾಗುತ್ತದೆ ಅನ್ನುವ ಮಾತನ್ನು ನಾನು ಎಲ್ಲೂ ಬರೆಯಲಿಲ್ಲ. ಶಿಬಿರದಲ್ಲಿ ಇದನ್ನು ಓದಿದಾಗ ನಾಲ್ಕೈದು ಮಕ್ಕಳು ಮನೆಯಿಂದ 50ರ ನೋಟು ತಂದು ನೆತ್ತಿ ನೋಡಿದರು. ಶಿಖರ ಹೇಗೆ ಹೋಯಿತು, ಯಾವಾಗ ಹೋಯಿತು ಅಂತ ಅವರೇ ನನ್ನ ಬೆನ್ನು ಬಿದ್ದರು. ಆಗ ಪಾಠ ಹೇಳಿದರೆ ಯಾರೂ ಆಕಳಿಸುವುದಿಲ್ಲ.

ಕಥೆಯ ಹಂದರವನ್ನು ಹೀಗೇ ಹೆಣೆಯಿರಿ. ಪ್ರತಿ ಅಧ್ಯಾಯಕ್ಕೂ ಒಂದು ಬೇಕು, ಒಂದು ಅಡ್ಡಿ. ನನ್ನ ಕಥೆಗೆ ಎಂಟು ಅಧ್ಯಾಯ ಸಾಕಾದವು, ಒಂದೊಂದೂ ಮಲಗುವ ಮುಂಚೆ ಒಂದೇ ಉಸಿರಿಗೆ ಓದಿ ಮುಗಿಸುವಷ್ಟು. ಒಂದು ಅಧ್ಯಾಯಕ್ಕೆ ಮೂರಕ್ಕಿಂತ ಹೆಚ್ಚು ಹೊಸ ಸಂಗತಿ ತುರುಕಬೇಡಿ. ನಿಮಗೆ ಗೊತ್ತಿರುವುದರಲ್ಲಿ ಮುಕ್ಕಾಲು ಪಾಲು ಕಥೆಯ ಹೊರಗೇ ಉಳಿಯಬೇಕು. ಇದು ಕರುಳು ಹಿಂಡುವ ಕೆಲಸ, ನನಗೂ ಗೊತ್ತು.

ಮಾತು ಹೇಗಿರಬೇಕು

"ಅಪ್ಪಣೆಯಾಗಲಿ ಮಹಾಪ್ರಭು" ಶೈಲಿಯನ್ನು ಕಂಪನಿ ನಾಟಕಕ್ಕೆ ಬಿಡಿ. ಅಂಬಿಗ ಅಂಬಿಗನ ಹಾಗೆ, ಅಜ್ಜಿ ಅಜ್ಜಿಯ ಹಾಗೆ ಮಾತಾಡಲಿ. ಐನೂರು ವರ್ಷದ ಹಿಂದಿನ ಕನ್ನಡ ಪುಟ್ಟಿಗೆ ಅರ್ಥವಾಗುತ್ತದೆಯೇ ಅಂತ ದೊಡ್ಡವರು ಕೇಳುತ್ತಾರೆ. ದಾಸರ ಪದಗಳು ಇವತ್ತಿಗೂ ನಮ್ಮ ಮಕ್ಕಳ ಬಾಯಲ್ಲಿವೆಯಲ್ಲ, ಅಷ್ಟು ಆಧಾರ ಸಾಕು. ಹಾಗಂತ ಊರಲ್ಲೆಲ್ಲ ಬರೀ ಕನ್ನಡ ಎಂದುಕೊಳ್ಳಬೇಡಿ. ಅದೇ ಆಸ್ಥಾನದಲ್ಲಿ ತಿಮ್ಮಣ್ಣ ಕವಿ ಕನ್ನಡದಲ್ಲಿ ಕುಮಾರವ್ಯಾಸ ಬಿಟ್ಟಲ್ಲಿಂದ ಭಾರತ ಮುಂದುವರಿಸಿದರೆ, ರಾಯನೇ ಆಮುಕ್ತಮಾಲ್ಯದ ಬರೆದದ್ದು ತೆಲುಗಿನಲ್ಲಿ. ಸಂತೆಯಲ್ಲಿ ಪುಟ್ಟಿಗೆ ಅರ್ಧ ಮಾತು ಅರ್ಥವಾಗದಿದ್ದರೆ ಅದೂ ಒಂದು ಒಳ್ಳೆಯ ಅಡ್ಡಿ.

ಹುಷಾರಾಗಿರಬೇಕಾದದ್ದು ಪದಗಳ ವಯಸ್ಸಿನ ಬಗ್ಗೆ. ಇಸ್ತ್ರಿ, ಬಾಲ್ದಿ, ಚಾವಿ, ಪಾದ್ರಿ ಇವೆಲ್ಲ ಪೋರ್ಚುಗೀಸರ ಹಡಗಿನಿಂದ ಇಳಿದ ಪದಗಳು. ಅಂಬಿಗನ ಬಾಯಲ್ಲಿ "ಚಾವಿ" ಬಂದರೆ ತಪ್ಪು, "ಬೀಗದ ಕೈ" ಅನ್ನಲಿ. ಗಂಟೆ, ನಿಮಿಷ ಅನ್ನುವುದು ಪುಟ್ಟಿ ಮಾತ್ರ. ಅಲ್ಲಿನವರಿಗೆ ಗಳಿಗೆ, ಜಾವ. ಒಂದು ಗಳಿಗೆ ಅಂದರೆ 24 ನಿಮಿಷ, ಹಗಲು ರಾತ್ರಿ ಸೇರಿ 60 ಗಳಿಗೆ. "ಎರಡು ಗಳಿಗೇಲಿ ಬರ್ತೀನಿ" ಎಂದು ಹೋದ ಹನುಮನಿಗಾಗಿ ಪುಟ್ಟಿ ಎರಡು ನಿಮಿಷ ಎಂದುಕೊಂಡು ಕಾಯುತ್ತಾ ಒದ್ದಾಡಲಿ.

ಅರಸನನ್ನು ದೂರದಲ್ಲಿಡಿ

ಎಲ್ಲ ಕಾಲಯಾನದ ಕಥೆಗಳಲ್ಲೂ ಮಗು ನೇರ ಸಿಂಹಾಸನದ ಮುಂದೆ ಹೋಗಿ ನಿಲ್ಲುತ್ತದೆ, ಅರಸ ತಲೆ ಸವರುತ್ತಾನೆ. ನನಗೆ ಇದು ಸೇರದು. ನನ್ನ ಪುಟ್ಟಿ ಕೃಷ್ಣದೇವರಾಯನನ್ನು ಒಂದೇ ಸಲ ನೋಡುತ್ತಾಳೆ, ಅದೂ ಬೆಳಗಾಗುವ ಮುಂಚೆ, ಲಾಯದ ಹುಡುಗನ ಜೊತೆ ಹುಲ್ಲಿನ ಮೆದೆಯ ಹಿಂದೆ ಅಡಗಿ. ಪೇಸ್ ಹೇಳುವ ಪ್ರಕಾರ ರಾಯ ದಿನವೂ ಬೆಳಕು ಹರಿಯುವ ಮೊದಲು ಎಳ್ಳೆಣ್ಣೆ ಕುಡಿದು, ಮೈಗೆಲ್ಲ ಅದನ್ನೇ ಹಚ್ಚಿಸಿಕೊಂಡು, ಮಣ್ಣಿನ ಭಾರಗಳನ್ನೆತ್ತಿ, ಕತ್ತಿ ವರಸೆ ಮಾಡಿ ಎಣ್ಣೆಯನ್ನೆಲ್ಲ ಬೆವರಾಗಿಸಿ, ಕುಸ್ತಿ ಹಿಡಿದು, ಆಮೇಲೆ ಕುದುರೆ ಏರಿ ಬಯಲಲ್ಲಿ ಓಡಿಸುತ್ತಿದ್ದ. ಆಳು ಮಧ್ಯಮ ಎತ್ತರ, ಮೈ ತೆಳುವಿಗಿಂತ ತುಸು ದಪ್ಪ, ಮುಖದಲ್ಲಿ ಸಿಡುಬಿನ ಕಲೆಗಳು. ಸಿನಿಮಾದಲ್ಲಿ ರಾಯನನ್ನು ಕಂಡ ಮಕ್ಕಳಿಗೆ ಈ ಕಲೆಗಳ ರಾಯ ತಟ್ಟನೆ ಹತ್ತಿರವಾಗುತ್ತಾನೆ. "ಮುಖದಲ್ಲಿ ಅದೇನು?" ಎಂದು ಪುಟ್ಟಿ ಕೇಳಬೇಕು. ಸಿಡುಬು ಜಗತ್ತಿನಿಂದಲೇ ತೊಲಗಿತು ಎಂದು ಘೋಷಿಸಿದ್ದು 1980ರಲ್ಲಿ. ಅವಳು ಅದನ್ನು ಕಂಡೇ ಇಲ್ಲ.

ಬೇಡದ ಸಂಗತಿಗಳನ್ನು ಏನು ಮಾಡುವುದು

ಪೇಸನ ಪುಟಗಳಲ್ಲಿ ಗುಲಾಬಿ ಹೂಗಳಷ್ಟೇ ಇಲ್ಲ. ಈಗಿನ ಹೊಸಪೇಟೆ ಕಡೆ ರಾಯ ದೊಡ್ಡ ಕೆರೆ ಕಟ್ಟಿಸುತ್ತಿದ್ದಾಗ ಹದಿನೈದು ಇಪ್ಪತ್ತು ಸಾವಿರ ಜನ ಇರುವೆಗಳ ಹಾಗೆ ಕೆಲಸ ಮಾಡುತ್ತಿದ್ದರು ಎನ್ನುತ್ತಾನೆ. ಏರಿ ಮತ್ತೆ ಮತ್ತೆ ಒಡೆದಾಗ ಬಲಿಗೆಂದು ಅರವತ್ತು ಜನರ ತಲೆ ಕಡಿಸಿದರು ಎಂದೂ ಬರೆಯುತ್ತಾನೆ. ಎಂಟು ವರ್ಷದ ಮಗುವಿಗೆ ಇದನ್ನು ಹೇಳುವುದೇ? ನಾನು ಕಥೆಯಲ್ಲಿ ಹೇಳಲಿಲ್ಲ. ಆದರೆ ಬಿಟ್ಟೂ ಬಿಡಲಿಲ್ಲ. ಹನುಮನ ಅಪ್ಪ ಕೆರೆ ಕೆಲಸಕ್ಕೆ ಹೋದವನು, ಏರಿ ಒಡೆದ ಸುದ್ದಿ ಬಂದಾಗ ಅವನ ಅವ್ವ ಒಲೆ ಹಚ್ಚುವುದಿಲ್ಲ. ಯಾಕೆಂದು ಪುಟ್ಟಿ ಕೇಳಿದರೆ ಹನುಮ ಉತ್ತರ ಕೊಡುವುದಿಲ್ಲ. ಹನ್ನೆರಡು ದಾಟಿದವರಿಗೆ ಬರೆಯುವುದಾದರೆ ಪೂರ್ತಿ ಹೇಳುತ್ತಿದ್ದೆ. ಹೊನ್ನನ್ನು ಸೇರಿನಲ್ಲಿ ಅಳೆದರು ಎನ್ನುವ ಕಡೆಗಷ್ಟೇ ದೀಪ ಹಿಡಿದರೆ ಇತಿಹಾಸ ಆಗುವುದಿಲ್ಲ, ಅದು ಜಾತ್ರೆಯ ಬಣ್ಣದ ಪರದೆ.

ರಾಜಧಾನಿ ಹಾಳಾಗಲು ಕಾರಣವಾದ 1565ರ ಜನವರಿ 23ರ ತಾಳಿಕೋಟೆ ಯುದ್ಧದ ಹತ್ತಿರ ಹೋಗುವವರು ಇನ್ನೂ ಮೆತ್ತಗೆ ಹೆಜ್ಜೆ ಇಡಬೇಕು. 'ಅವರು, ನಾವು' ಎಂಬ ಎರಡು ಬಣ್ಣದಲ್ಲಿ ಅದನ್ನು ಬಳಿಯುವುದು ಸುಲಭ. ಆದರೆ ಆಗ ವಿಜಯನಗರದ ಆಡಳಿತ ನಡೆಸುತ್ತಿದ್ದ ರಾಮರಾಯ ವರ್ಷಗಟ್ಟಲೆ ಒಬ್ಬ ಸುಲ್ತಾನನ ಜೊತೆ ಸೇರಿ ಇನ್ನೊಬ್ಬನ ಮೇಲೆ ದಂಡೆತ್ತಿ ಹೋಗುತ್ತಿದ್ದವನು. ವಿಜಯನಗರದ ಸೇನೆಯಲ್ಲೇ ಮುಸ್ಲಿಂ ಸೈನಿಕರಿದ್ದರು. ಎರಡನೇ ದೇವರಾಯನಿಗೆ ಪುಣ್ಯವಾಗಲಿ ಎಂದು ಅಹಮದ್ ಖಾನ್ 1439ರಲ್ಲಿ ಕಟ್ಟಿಸಿದ ಧರ್ಮಸಾಲೆ ಹಂಪಿಯಲ್ಲಿ ಇವತ್ತೂ ಇದೆ, ನೋಡಿದರೆ ಮಸೀದಿ. ಪುಟ್ಟಿ ಮಳೆಗೆ ಅಲ್ಲಿ ನಿಲ್ಲಲಿ, ಅಲ್ಲಿನವರೊಡನೆ ಮಾತಾಡಲಿ, ಅಷ್ಟು ಸಾಕು. ಮತ್ತೆ, ಪುಟ್ಟಿ ವಿಜಯನಗರವನ್ನು ಉಳಿಸಕೂಡದು. ಉಳಿಸಿದರೆ ಮಕ್ಕಳು ಚಪ್ಪಾಳೆ ತಟ್ಟುತ್ತಾರೆ, ಆಮೇಲೆ ಹಂಪಿಗೆ ಹೋದಾಗ ಪೆಚ್ಚಾಗುತ್ತಾರೆ.

ಒಗಟು ಇಡಿ

ಮಕ್ಕಳು ಪುಟಗಳನ್ನು ಮತ್ತೆ ಹಿಂದಕ್ಕೆ ತಿರುವುವಂತೆ ಮಾಡುವುದು ಒಗಟುಗಳೇ. ಎರಡು ಕೊಡುತ್ತೇನೆ, ಬೇಕಾದರೆ ಎತ್ತಿಕೊಳ್ಳಿ.

ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್ 1443ರಲ್ಲಿ ಬಂದಾಗ ನಾಣ್ಯಗಳ ಲೆಕ್ಕ ಬರೆದಿಟ್ಟ. ಒಂದು ವರಾಹಕ್ಕೆ 2 ಪ್ರತಾಪ, ಒಂದು ಪ್ರತಾಪಕ್ಕೆ 10 ಹಣ, ಒಂದು ಹಣಕ್ಕೆ ಬೆಳ್ಳಿಯ 6 ತಾರ, ಒಂದು ತಾರಕ್ಕೆ ತಾಮ್ರದ 3 ಜೀತಲ್. ಪುಟ್ಟಿಗೆ ದಾರಿಯಲ್ಲಿ ಒಂದು ವರಾಹ ಸಿಕ್ಕಿದೆ, ಬಾಳೆಹಣ್ಣಿನವಳ ಹತ್ತಿರ ಇರುವುದು ಜೀತಲ್ ಮಾತ್ರ. ಚಿಲ್ಲರೆ ಎಷ್ಟು ಕೊಡಬೇಕು? ಗುಣಿಸಿದರೆ 360. ಅಷ್ಟು ತಾಮ್ರ ಹೊರಲು ಚೀಲ ಎಲ್ಲಿದೆ? ಆ ಲೆಕ್ಕ ನನ್ನ ಕಥೆಗಿಂತ 77 ವರ್ಷ ಹಳೆಯದು, ಅದನ್ನು ಕೊನೆಯ ಪುಟದಲ್ಲಿ ಒಪ್ಪಿಕೊಂಡಿದ್ದೇನೆ. ಆಗಿನ ಒಂದು ನಾಣ್ಯದ ಹೆಸರು ಇವತ್ತು ದುಡ್ಡಿಗೆಲ್ಲ ಹೆಸರಾಗಿ ಕೂತಿದೆಯಲ್ಲ, ಅದನ್ನು ಮಕ್ಕಳೇ ಪತ್ತೆ ಮಾಡಲಿ.

ಎರಡನೆಯದು ವರ್ಷದ್ದು. "ಇದು ಯಾವ ಇಸವಿ?" ಎಂದರೆ ಅಲ್ಲಿ ಯಾರೂ 1520 ಅನ್ನುವುದಿಲ್ಲ. ವಿಕ್ರಮ ಸಂವತ್ಸರ ಅನ್ನುತ್ತಾರೆ, ಓದು ಬಲ್ಲವರು ಶಕ 1442 ಅಂದಾರು. ಸಂವತ್ಸರ 60 ವರ್ಷಕ್ಕೊಮ್ಮೆ ಮರಳಿ ಬರುತ್ತದೆ. 2000ದ ಯುಗಾದಿಗೆ ಶುರುವಾದದ್ದೂ ವಿಕ್ರಮವೇ. ಪುಟ್ಟಿಗೆ ಸಿಕ್ಕ ಓಲೆಯಲ್ಲಿ "ವಿಕ್ರಮ" ಎಂದಷ್ಟೇ ಇದ್ದರೆ ಅವಳು ಯಾವ ಶತಮಾನದಲ್ಲಿ ನಿಂತಿದ್ದಾಳೆ? ಸುತ್ತಲ ಗುಡಿಗಳಲ್ಲಿ ಯಾವುದು ಇದೆ, ಯಾವುದು ಇಲ್ಲ ಎಂದು ನೋಡಿಯೇ ತಿಳಿಯಬೇಕು. ಇಲ್ಲಿ ನಿಮ್ಮ ಗೆರೆ ಎಳೆದ ಹಾಳೆ ಕೆಲಸಕ್ಕೆ ಬರುತ್ತದೆ. ಉಗ್ರನರಸಿಂಹ ಇರಬೇಕಾದ ಜಾಗದಲ್ಲಿ ಬರೀ ಬಂಡೆ ಕಂಡು ಪುಟ್ಟಿ ಬೆಚ್ಚುವ ಪ್ರಸಂಗ, ನಾನು ಹರಿದು ಹಾಕಿದ ಅಧ್ಯಾಯಕ್ಕಿಂತ ಎಷ್ಟೋ ಚೆನ್ನಾಗಿ ಬಂತು.

ಕೊನೆಯ ಪುಟ, ಕೆಂಪು ಪೆನ್ಸಿಲ್

ಕಥೆ ಮುಗಿದ ಮೇಲೆ ಒಂದು ಪುಟ ಬಿಡಿ. ಯಾವುದು ನಿಜ, ಯಾವುದು ಕಟ್ಟಿದ್ದು ಎಂದು ಅಲ್ಲಿ ಮುಚ್ಚುಮರೆಯಿಲ್ಲದೆ ಬರೆಯಿರಿ. ಹನುಮ ಕಟ್ಟಿದ್ದು, ಅಂಬಿಗ ಕಟ್ಟಿದ್ದು. ಹರಿಗೋಲು, ಸಿಡುಬಿನ ಕಲೆ, ಕೆರೆ, ಶಿಖರ ನಿಜ. ಗೋಡೆಯ ಮೇಲಿನ ನೆರಳು ನಿಜ, ಅದರೊಳಗಿನ ಬಾಗಿಲು ಸುಳ್ಳು. ಈ ಪುಟ ಇಲ್ಲದಿದ್ದರೆ ಕಥೆಯ ಹನುಮ ಮುಂದೊಂದು ದಿನ ಪರೀಕ್ಷೆಯ ಉತ್ತರ ಪತ್ರಿಕೆಯಲ್ಲಿ ಬಂದು ಕೂರುತ್ತಾನೆ.

ಆಮೇಲೆ ಜೋರಾಗಿ ಓದಿ, ಮೊದಲು ಒಬ್ಬರೇ, ಆಮೇಲೆ ಮಕ್ಕಳ ಮುಂದೆ. ಮಕ್ಕಳು ಎಲ್ಲಿ ಚಪ್ಪಲಿಯ ಪಟ್ಟಿ ಎಳೆಯಲು ಶುರು ಮಾಡುತ್ತಾರೋ ಅಲ್ಲಿ ಗುರುತು ಹಾಕಿ, ಆ ಪ್ಯಾರಾ ಕಿತ್ತುಹಾಕಿ. ಪ್ರಿಂಟು ತೆಗೆದು ಪಿನ್ನು ಹೊಡೆದು ಒಂದೊಂದು ಪ್ರತಿ ಕೊಟ್ಟು, ಜೊತೆಗೆ ಕೆಂಪು ಪೆನ್ಸಿಲ್ ಕೊಡಿ. 1520ರಲ್ಲಿ ಇರಲಾರದ ವಸ್ತುವೊಂದನ್ನು ಬೇಕೆಂದೇ ಒಳಗೆ ಬಚ್ಚಿಟ್ಟಿದ್ದೇನೆ, ಹುಡುಕಿ ಎನ್ನಿ. ನಾನು ಹೋದ ಸಲ ಒಂದು ಸೀಬೆಮರ ಇಟ್ಟಿದ್ದೆ. ಅದನ್ನು ಮೂವರು ಹಿಡಿದರು. ಇನ್ನೊಬ್ಬಳು ನಾನು ಬಚ್ಚಿಡದ ಇನ್ನೆರಡನ್ನೂ ಹಿಡಿದಳು: ಹನುಮನ ಅವ್ವನ ಅಡುಗೆ ಮನೆಯ ಶೇಂಗಾ ಚಟ್ನಿ, ಮತ್ತೆ ಪುಟ್ಟಿ ಅಂಗಿ ನೆನೆ ಹಾಕಿದ "ಬಾಲ್ದಿ".

ಅವಳ ಪ್ರತಿಯ ಕೊನೆಯಲ್ಲಿ ಕೆಂಪು ಪೆನ್ಸಿಲಿನಲ್ಲಿ ಒಂದು ಪ್ರಶ್ನೆಯೂ ಇತ್ತು. "ಪುಟ್ಟಿ ಹೊಸ ವಾಸನೆಯವಳು. ಸೋಪು, ಪೌಡರ್ ಎಲ್ಲ ಹಾಕಿದ್ದಾಳೆ. ಊರಿನ ನಾಯಿಗಳು ಯಾಕೆ ಬೊಗಳಲಿಲ್ಲ?" ಎರಡನೇ ಅಧ್ಯಾಯವನ್ನು ಈಗ ನಾಯಿಯಿಂದ ಶುರು ಮಾಡಿ ಮತ್ತೆ ಬರೆಯುತ್ತಿದ್ದೇನೆ.